ಅಜ್ಜಿ ಸಂಚಿ

ಇವತ್ತ ಗದಗದಿಂದ ಹುಬ್ಬಳ್ಳಿಗೆ ಬರೂ ಬಸ್ಸಿನ್ಯಾಗ, ಅಣ್ಣಿಗೇರಿಯೊಳಗ ಒಬ್ಬಾಕಿ ಅಜ್ಜಿ ಹತ್ತಿ ನನ್ನ ಬಾಜೂಕ ಕುಂತ್ಲು. ಕಂಡಕ್ಟರ್ ಬಂದ ಕೂಡ್ಲೆ ಸೊಂಟದಾಗಿಂದ ಎಲಿ-ಅಡಕಿ ಸಂಚಿ ತಗದ್ಲು.

ಹಳೇ ಖಣದ ಅರಬಿಯೊಳಗ ಕೈಲೇ ಹೊಲದದ್ದು. ನಾಕು ಪದರ. ಒಂದ್ರಾಗ ಎಲಿ, ಒಂದ್ರಾಗ ಅಡಕಿ ಜೋಡಿ ಆಧಾರ್ ಕಾರ್ಡು, ಸುಣ್ಣದ ಡಬ್ಬಿಗೆ ಬ್ಯಾರೆ, ಎಲ್ಲಾಕಿಂತ ಒಳಗಿಂದ್ರಾಗ ಮಡಚಿದ ನೋಟು.

ನಾ ನೋಡೂದು ನೋಡಿ ತಾನ ಹೇಳಿದ್ಲು, "ಇದು ಬಸ್ಸಿನ ರೊಕ್ಕದ ಪದರ ತಂಗಿ. ಈಗ ಟಿಕೆಟ್ ಪುಕ್ಕಟ ಆಗೇತಲ್ಲ, ಆದ್ರೂ ಊರಿಗೆ ಹೋದಾಗೊಮ್ಮೆ ಅಷ್ಟ ರೊಕ್ಕ ಇದ್ರಾಗ ಹಾಕ್ತೀನಿ, ಮೊಮ್ಮಗಳಿಗೆ."

2023ರ ಜೂನ್‌ದಿಂದ ಹಿಂಗ ಹಾಕಕೋಂತ ಬಂದಾಳಂತ!

ರೊಕ್ಕ ಎಲ್ಲಿದ್ರೂ ರೊಕ್ಕನ, ಆದ್ರ ಮಂದಿ ಮನಸಿನ್ಯಾಗ ಅದಕ್ಕ ಬ್ಯಾರೆ ಬ್ಯಾರೆ ಖಾತೆ ಇಟ್ಟಿರತಾರ, ಮೆಂಟಲ್ ಅಕೌಂಟಿಂಗ್ ಅಂತಾರ ಇದಕ್ಕ, ಇಂಥಾದ್ದನ್ನೆಲ್ಲಾ ಅಭ್ಯಾಸ ಮಾಡಿದ ರಿಚರ್ಡ್ ಥೇಲರ್ ಅವರಿಗೆ 2017ರಾಗ ಅರ್ಥಶಾಸ್ತ್ರದ ನೊಬೆಲ್ ಬಂತು. ಅಜ್ಜಿ ಅದನ್ನ ಸೂಜಿ ದಾರದಾಗ ಹೊಲಕೊಂಡಾಳ.

ನಂದು ಎಲ್ಲಾ ಒಂದ ಪದರ. ಬಾಡಿಗಿ, ಚಾ, ಅವ್ವನ ಗುಳಗಿ, ಎಲ್ಲಾದಕ್ಕೂ ಅದ ಫೋನು, ಅದ ಸ್ಕ್ಯಾನು. ರೊಕ್ಕ ಹೋಗ್ಲಿ ಬಿಡ್ರಿ, ತಲಿನೂ ಹಂಗ ಆಗೇತಿ. ಮೊನ್ನೆ ಆಯ್ತವಾರ ಅವ್ವ ಮೊಣಕಾಲ ನೋವಿನ ಬಗ್ಗೆ ಹೇಳಾಕ ಹತ್ತಿದ್ಲು, ನಾ ಹೂಂ ಹೂಂ ಅನಕೋಂತ ಆಫೀಸಿನ ಮೆಸೇಜಿಗೆ ರಿಪ್ಲೈ ಟೈಪ್ ಮಾಡಾಕ ಹತ್ತಿದ್ದೆ. ಯಾವ ಕಾಲು ಅಂತ ಈಗ ನೆನಪಿಲ್ಲ. ಅದ ಭಾಳ ಚುಚ್ಚಾಕ ಹತ್ತೇತಿ.

ಇಷ್ಟು ಬರದು ಫೋನ್ ಕಪಾಟಿನ್ಯಾಗ ಇಡತೀನಿ. ಅವ್ವ ರೊಟ್ಟಿ ಬಡಿಯೂ ಸಪ್ಪಳ ಕೇಳಾಕ ಹತ್ತೇತಿ, ಹೋಗಿ ಕೇಳತೀನಿ.