ಫ್ಲಿಕ್‌ಗಿಂತ ಮೊದಲು ಡಂಪ್: ಶಿವಮೊಗ್ಗದ ಅಲ್ಟಿಮೇಟ್ ಫ್ರಿಸ್ಬೀ ಅಭ್ಯಾಸ, ಮೇಯಿಂದ ಜುಲೈ

ಮೇ

ಅಲ್ಟಿಮೇಟ್ ಎಂದರೆ ಡಿಸ್ಕ್ ಅನ್ನು, ಅಂದರೆ ಹಾರುವ ಪ್ಲಾಸ್ಟಿಕ್ ತಟ್ಟೆಯನ್ನು, ಜೊತೆಗಾರರಿಗೆ ಎಸೆಯುತ್ತಾ ಸಾಗಿ ಎದುರಾಳಿಯ ತುದಿಯ ಎಂಡ್ ಝೋನಿನಲ್ಲಿ ಹಿಡಿದು ಅಂಕ ಗಳಿಸುವ ಆಟ. ಅಂಗಣದ ಗುರುತು ಮುಗಿದಿದೆ. ಉದ್ದ 100 ಮೀಟರ್, ಅಗಲ 37. ಎರಡೂ ತುದಿಯಲ್ಲಿ 18 ಮೀಟರ್ ಎಂಡ್ ಝೋನ್, ನಡುವೆ 64. ಎಂಟು ಕೋನ್ ಸಾಕು. ಸುಣ್ಣದ ಪುಡಿ ಹಾಕಿದರೆ ಮುಂಗಾರಿನ ಮೊದಲ ಜಡಿಗೇ ತೊಳೆದುಹೋಗುತ್ತದೆ. ನಡುವಿನ ಭಾಗದ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ, 73.9 ಮೀಟರ್ ಬಂದರೆ ಮೂಲೆಗಳು ನೇರ. ಕ್ರಿಕೆಟ್ ಪಿಚ್ ಅಂಗಣದ ಹೊರಗೆ ಉಳಿಯಲಿ, ಗಟ್ಟಿ ಜೇಡಿಮಣ್ಣಿನ ಮೇಲೆ ಡೈವ್ ಬಿದ್ದರೆ ಮೊಣಕೈ ಚರ್ಮ ಉಳಿಯುವುದಿಲ್ಲ. ತಂಡಕ್ಕೆ ಏಳು ಜನ. ಜಾಗ ಸಾಲದಿದ್ದರೆ ಐದೈದು ಜನರಾಗಿ ಚಿಕ್ಕ ಅಂಗಣದಲ್ಲಿ ಆಡಬಹುದು.

ನಿಯಮ ಹೇಳಿಕೊಡಲು ಹೆಚ್ಚು ಹೊತ್ತು ಬೇಡ. ಡಿಸ್ಕ್ ಹಿಡಿದವರು ಓಡುವಂತಿಲ್ಲ, ಒಂದು ಕಾಲನ್ನು ನೆಲಕ್ಕೂರಿ ಇನ್ನೊಂದರಲ್ಲಿ ತಿರುಗಬಹುದು. ಎದುರು ನಿಂತ ಮಾರ್ಕರ್, ಅಂದರೆ ಎಸೆತ ತಡೆಯುವ ಎದುರಾಳಿ, 3 ಮೀಟರ್ ಒಳಗಿದ್ದು ‘ಸ್ಟಾಲಿಂಗ್’ ಎಂದು, ಸೆಕೆಂಡಿಗೊಂದರಂತೆ ಹತ್ತರವರೆಗೆ ಎಣಿಸುತ್ತಾರೆ. ‘ಹತ್ತು’ ಎನ್ನಲು ಶುರುಮಾಡುವಾಗಲೂ ಡಿಸ್ಕ್ ಕೈಯಲ್ಲೇ ಇದ್ದರೆ ಅದು ಎದುರಾಳಿಗೆ. ನೆಲಕ್ಕೆ ಬಿದ್ದರೂ, ಗೆರೆಯ ಹೊರಗೆ ಹಿಡಿದರೂ, ಎದುರಾಳಿ ಹಿಡಿದರೂ ಹಾಗೆಯೇ. ಗೆರೆ ಕೂಡ ಹೊರಗಿನದೇ. ಎಂಡ್ ಝೋನ್ ಒಳಗೆ ಹಿಡಿದರೆ ಒಂದು ಅಂಕ.

ಅಂಪೈರ್ ಇಲ್ಲ, ಫೌಲನ್ನು ಆಟಗಾರರೇ ಕರೆಯಬೇಕು. ಹಿಡಿಯುವವರು ಫೌಲ್ ಕರೆದಾಗ ಎದುರಿನವರು ಒಪ್ಪಿದರೆ ಹಿಡಿಯುವವರಿಗೇ ಡಿಸ್ಕ್, ಒಪ್ಪದಿದ್ದರೆ ಎಸೆದವರ ಕೈಗೆ ವಾಪಸ್. ಹೊಸಬರು ‘ಏಯ್’ ಎಂದು ಕೂಗಿ ಆಟ ಮುಂದುವರಿಸುತ್ತಾರೆ, ಅದು ಕರೆ ಅಲ್ಲ. ‘ಫೌಲ್’ ಎಂದು ಕೂಡಲೇ, ಜೋರಾಗಿ ಹೇಳಿದರೇ ಆಟ ನಿಲ್ಲುವುದು.

ಜೂನ್

ಬ್ಯಾಕ್‌ಹ್ಯಾಂಡ್ (ಮೈಗೆ ಅಡ್ಡವಾಗಿ ಕೈ ತಂದು ಬೀಸುವ ಎಸೆತ) ಎಲ್ಲರಿಗೂ ಬಂತು. ತೊಂದರೆಯೆಲ್ಲ ಮೈಯ ಪಕ್ಕದಿಂದ ಮಣಿಕಟ್ಟು ಚಿಮ್ಮಿಸಿ ಎಸೆಯುವ ಫ್ಲಿಕ್‌ನದು. ಮಧ್ಯದ ಬೆರಳಿನ ತುದಿ ಅಂಚಿನ ಒಳಗೋಡೆಗೆ ಒತ್ತಿರಬೇಕು, ತೋರುಬೆರಳು ಅದರ ಪಕ್ಕ, ಹೆಬ್ಬೆರಳು ಮೇಲೆ. ಮೊಣಕೈ ಸೊಂಟದ ಹತ್ತಿರ. ಬಲ ಮಣಿಕಟ್ಟಿನ ಚಿಮ್ಮುವಿಕೆಯಿಂದ ಬರಬೇಕು. ಕ್ರಿಕೆಟ್‌ನಿಂದ ಬಂದವರು ಭುಜದಿಂದ ಬೀಸುತ್ತಾರೆ. ವೇಗ ಇರುತ್ತದೆ, ತಿರುಗುವಿಕೆ ಇರುವುದಿಲ್ಲ, ಡಿಸ್ಕ್ ನಡುಗುತ್ತಾ ಹೋಗಿ ಬೀಳುತ್ತದೆ. ಇನ್ನೊಂದು ತಪ್ಪು, ಬಿಡುವಾಗ ಹೊರ ಅಂಚು ಮೇಲೇಳುವುದು. ಬಲಗೈಯವರ ಡಿಸ್ಕ್ ಆಗ ಎಡಕ್ಕೆ ಮಗುಚಿ ನೆಲ ಸೇರುತ್ತದೆ. ಹೊರ ಅಂಚನ್ನು ತುಸು ತಗ್ಗಿಸಿ ಬಿಟ್ಟರೆ ಸರಿಹೋಗುತ್ತದೆ. ಹತ್ತು ಮೀಟರ್ ದೂರದಲ್ಲಿ ಎದುರುಬದುರು ನಿಂತು, ನಡುಗದೆ ಹೋಗುವವರೆಗೆ ದೂರ ಹೆಚ್ಚಿಸುವುದು ಬೇಡ.

ಮಳೆ ಹಿಡಿಯಿತು. 175 ಗ್ರಾಂ ಪ್ಲಾಸ್ಟಿಕ್ ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಒಣಬೈರಾಸು ಇಟ್ಟುಕೊಂಡು, ಆಟ ನಿಂತಾಗಲೆಲ್ಲ ಅಂಚಿನ ಒಳಭಾಗ ಒರೆಸಬೇಕು. ಮೇಲ್ಭಾಗ ಒರೆಸಿ ಒಳಗೆ ಬಿಟ್ಟರೆ ಪ್ರಯೋಜನವಿಲ್ಲ. ಒಂದೇ ಕೈಯ ಕ್ಯಾಚ್ ಬಂದ್. ಎದೆಮಟ್ಟಕ್ಕೆ ಬಂದದ್ದನ್ನು ಎರಡೂ ಅಂಗೈ ನಡುವೆ ರೊಟ್ಟಿ ತಟ್ಟಿದ ಹಾಗೆ ಹಿಡಿಯಿರಿ. ಗಾಳಿ ಎದುರಿದ್ದರೆ ಡಿಸ್ಕ್ ಮೇಲೇಳುತ್ತದೆ, ಮುಂದಿನ ಅಂಚು ತಗ್ಗಿಸಿ ಹೆಚ್ಚು ತಿರುಗಿಸಿ ಎಸೆಯಬೇಕು. ಬೆನ್ನ ಗಾಳಿಯಲ್ಲಿ ಬೇಗ ಕುಸಿಯುತ್ತದೆ.

ಜುಲೈ

ಡಿಸ್ಕ್ ಎದುರಾಳಿಯ ಪಾಲಾಗುತ್ತಿರುವುದು ಹೆಚ್ಚಾಗಿ ಉದ್ದದ ಎಸೆತದಲ್ಲಿ ಅಲ್ಲ. ಎಣಿಕೆ ಎಂಟಕ್ಕೆ ಬಂದಾಗ, ಯಾರೂ ಕಾಣದೆ ಗಾಬರಿಯಿಂದ ಬಿಟ್ಟ ಎಸೆತದಲ್ಲಿ. ಹಾಗಾಗಿ ಫ್ಲಿಕ್ ಚಂದ ಆಗುವ ಮೊದಲೇ ಡಂಪ್, ಅಂದರೆ ಹಿಂದೆ ಇರುವ ಜೊತೆಗಾರರಿಗೆ ಕೊಡುವ ಚಿಕ್ಕ ಎಸೆತ, ಗಟ್ಟಿ ಆಗಬೇಕೆಂದು ಅಭ್ಯಾಸದ ಕ್ರಮ ಬದಲಾಗಿದೆ.

ಡಂಪ್ ಕೊಡುವ ಬಗೆ: ಒಬ್ಬ ಹ್ಯಾಂಡ್ಲರ್ (ಈ ಎಸೆತ ಪಡೆಯುವ ಜೊತೆಗಾರರು) ಎಸೆಯುವವರ ಪಕ್ಕ, ಸ್ವಲ್ಪ ಹಿಂದೆ, ಐದಾರು ಮೀಟರ್ ದೂರದಲ್ಲಿ ಸದಾ ಇರಬೇಕು. ಎಣಿಕೆ ಐದು ಕೇಳಿದ ಕೂಡಲೇ ಎಸೆಯುವವರು ಮುಂದೆ ನೋಡುವುದು ಬಿಟ್ಟು, ಭುಜ ಸೊಂಟ ಎರಡನ್ನೂ ಅವರ ಕಡೆ ತಿರುಗಿಸಬೇಕು. ಕಣ್ಣು ಮಾತ್ರ ತಿರುಗಿಸಿದರೆ ಹ್ಯಾಂಡ್ಲರ್‌ಗೆ ಸೂಚನೆ ಸಿಗುವುದಿಲ್ಲ. ಹ್ಯಾಂಡ್ಲರ್ ಒಂದು ಹೆಜ್ಜೆ ಮುಂದೆ ಹೋದಂತೆ ಮಾಡಿ ಹಿಂದಕ್ಕೆ ಓಡುತ್ತಾರೆ. ಡಿಸ್ಕ್ ಅವರ ಕೈಗಲ್ಲ, ಓಡುವ ಜಾಗಕ್ಕೆ ಹೋಗಬೇಕು. ಹಿಂದೆ ಹೋದ ಮೀಟರುಗಳ ಬಗ್ಗೆ ಚಿಂತೆ ಬೇಡ, ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಇಬ್ಬರೂ ತಡವಾಗಿ ಹೊರಡುವುದೇ ಈಗ ಉಳಿದ ದೋಷ. ಮಾರ್ಕರ್ ದನಿ ಮಳೆಯ ಸದ್ದಿನಲ್ಲಿ ಕೇಳುವುದಿಲ್ಲ, ಹಾಗಾಗಿ ಸೈಡ್‌ಲೈನಿನಲ್ಲಿ ನಿಂತವರೂ ಎಣಿಕೆಯನ್ನು ಕೂಗಿ ಹೇಳುತ್ತಿದ್ದಾರೆ.

ಮುಂದಿನ ಕೆಲಸ ಪುಲ್. ಪ್ರತಿ ಅಂಕಕ್ಕೂ ಮೊದಲು ರಕ್ಷಣೆಯ ತಂಡ ತನ್ನ ಎಂಡ್ ಝೋನಿನಿಂದ ಎಸೆಯುವ ಎಸೆತ ಇದು. ಒದ್ದೆ ಕೈಯಲ್ಲಿ ಅದು ಯಾರೂ ಮುಟ್ಟದೆಯೇ ಗೆರೆ ಆಚೆ ಹೋಗುತ್ತಿದೆ. ಹಾಗೆ ಹೋದಾಗ ಎದುರು ತಂಡ ಕೈ ಎತ್ತಿ ಬ್ರಿಕ್ ಗುರುತು, ಅಂದರೆ ತನ್ನ ಎಂಡ್ ಝೋನ್ ಗೆರೆಯಿಂದ 18 ಮೀಟರ್ ಮುಂದೆ, ನಡುವಿನಿಂದ ಆಟ ಶುರುಮಾಡಬಹುದು. ಆ ಎರಡು ಗುರುತಿಗೆ ಇನ್ನೆರಡು ಕೋನ್ ಬೇಕಾಗಿವೆ.