ಮರಳುಗಲ್ಲಿನ ಗುಡ್ಡದ ಮೇಲಿನ ಗೇಣು ಮಣ್ಣು

ಗದಗ ಜಿಲ್ಲೆಯ ಮಣ್ಣು ಎಂದೊಡನೆ ಎಲ್ಲರಿಗೂ ನೆನಪಾಗುವುದು ನರಗುಂದ, ರೋಣದ ಎರೆ ಹೊಲಗಳು, ಅಂದರೆ ಕಪ್ಪು ಜೇಡಿ ಮಣ್ಣಿನ ಹೊಲಗಳು. ಆದರೆ ರೋಣವನ್ನು ದಾಟಿ ಗಜೇಂದ್ರಗಡದತ್ತ ಸಾಗಿದಂತೆ ಎರೆ ಹಿಂದೆ ಸರಿದು, ಮಸಾರಿ ಎಂಬ ಕೆಂಪು ಮಣ್ಣು ಬಂದು, ಕೊನೆಗೆ ಕಡಿದಾದ ಕೆಂಪು ಬಂಡೆಯ ಗುಡ್ಡಗಳು ಎದುರಾಗುತ್ತವೆ. ಆ ಗುಡ್ಡಗಳ ನೆತ್ತಿಯಲ್ಲೂ ಇಳಿಜಾರಿನಲ್ಲೂ ಕುರಿ, ಆಡು, ದನ ಮೇಯುತ್ತವೆ. ಆ ಹುಲ್ಲು ಎಂಥ ಮಣ್ಣಿನಲ್ಲಿ ಬೆಳೆಯುತ್ತದೆ ಎಂದು ಕೇಳುವವರು ಮಾತ್ರ ಕಡಿಮೆ. ಉತಾರದಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಖರಾಬು (ಸಾಗುವಳಿಗೆ ಬಾರದ ನೆಲ) ಎಂದು ನಮೂದಾದ ಮೇಲೆ ಅಲ್ಲಿ ಮಣ್ಣಿದೆ ಎಂಬುದೇ ನಮಗೆ ಮರೆತುಹೋಗುತ್ತದೆ. ಧಾರವಾಡದಲ್ಲಿ ಕೃಷಿ ಓದಿದ ನಾನು ಆ ಮಣ್ಣನ್ನು ಜೋಳ, ಕಡಲೆಯ ಅಳತೆಯಿಂದ ಅಳೆಯುವುದನ್ನು ಬಿಟ್ಟು ಹುಲ್ಲಿನ ಅಳತೆಯಿಂದ ನೋಡಬೇಕೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಲ್ಲಿನ ವಿಷಯ. ಗಜೇಂದ್ರಗಡದ ಗುಡ್ಡಗಳು ಬಾದಾಮಿ, ಐಹೊಳೆಯ ಕಡೆಯ ಮರಳುಗಲ್ಲಿನ ಬಳಗಕ್ಕೆ, ಭೂವಿಜ್ಞಾನಿಗಳು ಕಲಾದಗಿ ಜಲಾನಯನವೆಂದು ಕರೆಯುವ ಪ್ರದೇಶಕ್ಕೆ ಸೇರಿದವು. ಕೋಟ್ಯಂತರ ವರ್ಷಗಳ ಹಿಂದೆ ನೀರು ಹೊತ್ತು ತಂದ ಉಸುಕು ಪದರಪದರವಾಗಿ ಕುಳಿತು, ಸಿಲಿಕಾ ಮತ್ತು ಕಬ್ಬಿಣದ ಆಕ್ಸೈಡಿನ ಅಂಟಿನಿಂದ ಬಿಗಿದುಕೊಂಡು ಕಲ್ಲಾಗಿದೆ. ಕೆಂಪು ಬಣ್ಣ ಆ ಕಬ್ಬಿಣದ್ದು. ಕಾಳುಗಳಲ್ಲಿ ಬಹುಪಾಲು ಬಿಳಿಗಲ್ಲು, ಅಂದರೆ ಕ್ವಾರ್ಟ್ಜ್. ಮಳೆ, ಬಿಸಿಲು, ಬೇರಿನ ಹುಳಿ ಯಾವುದಕ್ಕೂ ಅದು ಸುಲಭವಾಗಿ ಕರಗುವುದಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ಗುಹೆಯ ನೆರಳಿನಲ್ಲಿ ಮಳೆಯಿಂದ ದೂರವಿರುವುದು ನಿಜವಾದರೂ, ಅಲ್ಲಿನ ಶಿಲ್ಪಗಳಲ್ಲಿ ಇನ್ನೂ ಉಳಿದಿರುವ ಉಳಿಯ ಗೆರೆಗಳನ್ನು ಕಂಡವರಿಗೆ ಈ ಕಲ್ಲು ಮಣ್ಣಾಗಲು ಎಷ್ಟು ಕಾಲ ಬೇಕೆಂಬ ಅಂದಾಜು ಸಿಗುತ್ತದೆ. (ಇದೇ ಜಿಲ್ಲೆಯ ಕಪ್ಪತಗುಡ್ಡದ ಶಿಲೆ ಬೇರೆ, ಮಣ್ಣೂ ಬೇರೆ, ಅದನ್ನು ಇಲ್ಲಿಗೆ ಎಳೆದು ತರುವುದಿಲ್ಲ.)

ಗುಡ್ಡದ ಅಂಚಿನಲ್ಲಿ ರಸ್ತೆಗಾಗಿ ಕಡಿದ ಜಾಗವೊಂದರಲ್ಲಿ ಈ ಮಣ್ಣಿನ ಸೀಳುನೋಟ ಚೆನ್ನಾಗಿ ಕಾಣುತ್ತದೆ. ಮೇಲೆ ಚದುರಿದ ಕಲ್ಲುಚೂರುಗಳು. ಅವುಗಳ ಕೆಳಗೆ ನಾಲ್ಕು ಬೆರಳಿನಷ್ಟು ಕಂದುಗೆಂಪಿನ, ಬೇರುಗಳಿಂದ ತುಂಬಿದ ಉಸುಕು ಮಣ್ಣು. ಅದರಡಿ ಕಲ್ಲೇ ಹೆಚ್ಚಾಗಿ ಮಣ್ಣು ಸಂದಿಗಳಿಗೆ ಸೀಮಿತವಾದ ಪದರ. ಒಂದು ಗೇಣಿನ ಕೆಳಗೆ ಕೈಯಿಂದ ತಿಕ್ಕಿದರೆ ಪುಡಿಯಾಗುವ ಸಡಿಲು ಮರಳುಗಲ್ಲು. ಅದರ ಕೆಳಗೆ ಹಾರೆ ಹಾಕಿದರೆ ಠಣ್ಣೆನ್ನುವ ಬಂಡೆ. ಒಂದು ಹಿಡಿ ಮಣ್ಣನ್ನು ಒದ್ದೆ ಮಾಡಿ ಹಿಸುಕಿದರೆ ಉಂಡೆಯೇನೋ ಆಗುತ್ತದೆ, ಆದರೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತೀಡಿ ಪಟ್ಟಿಯಾಗಿ ಎಳೆಯಲು ಹೋದರೆ ಬೆರಳಿನ ತುದಿ ದಾಟುವ ಮೊದಲೇ ಮುರಿದು ಬೀಳುತ್ತದೆ. ಎರೆ ಮಣ್ಣಾದರೆ ಎರಡು ಮೂರು ಅಂಗುಲದ ಪಟ್ಟಿ ಸಲೀಸಾಗಿ ಬರುತ್ತದೆ. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬೇರುಗಳು. ಬಂಡೆಯ ಬಿರುಕನ್ನು ಹೊಕ್ಕ ಹುಲ್ಲಿನ ಬೇರುಗಳು ದುಂಡಗಿರದೆ ಚಪ್ಪಟೆಯಾಗಿ, ಒಂದರ ಮೇಲೊಂದು ಹೆಣೆದುಕೊಂಡು ಕಾಗದದಷ್ಟು ತೆಳುವಾದ ಹಾಳೆಯಾಗಿದ್ದವು. ಬೇಸಿಗೆಯಲ್ಲೂ ಆ ಬಿರುಕಿನ ಒಳಮೈ ತುಸು ತೇವವಾಗಿರುತ್ತದೆ.

ಈ ಮಣ್ಣಿನ ಗುಣವೆಲ್ಲ ನೀರಿನ ಲೆಕ್ಕದಲ್ಲಿದೆ, ಆದ್ದರಿಂದ ಆ ಲೆಕ್ಕವನ್ನು ಒರಟಾಗಿಯಾದರೂ ಮಾಡಿ ನೋಡಬೇಕು. ಮಣ್ಣಿನ ಆಳ 30 ಸೆಂ.ಮೀ., ಅದರಲ್ಲಿ ಕಲ್ಲಿನ ಪಾಲು 40% ಎಂದುಕೊಂಡರೆ ನಿಜವಾದ ಮಣ್ಣು ಉಳಿಯುವುದು 18 ಸೆಂ.ಮೀ. ಉಸುಕು ಗೋಡು, ಅಂದರೆ ಉಸುಕು ಹೆಚ್ಚಿರುವ ಇಂಥ ಮಣ್ಣು, ತನ್ನ ಗಾತ್ರದ ಸುಮಾರು ಹತ್ತನೆಯ ಒಂದು ಭಾಗದಷ್ಟು ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುತ್ತದೆ. ಅಲ್ಲಿಗೆ ಒಟ್ಟು ದಾಸ್ತಾನು 18 ಮಿ.ಮೀ. ಬಿಸಿಲು, ಗಾಳಿ ಚೆನ್ನಾಗಿರುವ ದಿನ ಹಸಿರು ಹುಲ್ಲು 4ರಿಂದ 5 ಮಿ.ಮೀ. ಕುಡಿಯುತ್ತದೆ ಎಂದರೆ ತುಂಬಿದ ಮಣ್ಣು ನಾಲ್ಕು ದಿನಕ್ಕೆ ಬರಿದು. ಒಂದು ಮೀಟರಿಗೂ ಮೀರಿ ಆಳವಿರುವ ಎರೆಯಲ್ಲಿ ಇದೇ ದಾಸ್ತಾನು 150 ಮಿ.ಮೀ.ಗೂ ಹೆಚ್ಚಿರುತ್ತದೆ, ಹಿಂಗಾರಿ ಜೋಳ ಮಳೆಯಿಲ್ಲದೆಯೂ ತೆನೆ ಹಿಡಿಯುವುದು ಆ ಬಲದಿಂದಲೇ. ಇಷ್ಟನ್ನು ಕೇಳಿದ ರೈತ ಗುಡ್ಡದ ಮಣ್ಣನ್ನು ತಳ್ಳಿಹಾಕಿದರೆ ಅವನ ತಪ್ಪೇನೂ ಇಲ್ಲ.

ಆದರೆ ಇದೇ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಗುಡ್ಡದ ಮೇಲೆ ಕುರಿ ಕಾಯುತ್ತಿದ್ದ ಹಿರಿಯರೊಬ್ಬರನ್ನು, "ಅಜ್ಜಾರ, ಇಲ್ಲಿ ಹುಲ್ಲು ಯಾವಾಗ ಏಳತೈತ್ರೀ?" ಎಂದು ಕೇಳಿದೆ. "ಗುಡ್ಡದಾಗ ಒಂದು ಸಣ್ಣ ಮಳಿ ಬಿದ್ರ ಸಾಕ್ರೀ ಸರ, ನಾಕ ದಿನದಾಗ ಹಸರು ಒಡೀತೈತಿ. ಎರಿ ಬದುವಿಗೆ ಅಷ್ಟ ಮಳಿ ಹಲ್ಲಿಗೂ ಹತ್ತೂದಿಲ್ಲ" ಎಂದರು. ಒಣಗಿ ಬಿರುಕು ಬಿಟ್ಟ ಎರೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಮೇಲಿನ ಎರಡು ಮೂರು ಸೆಂ.ಮೀ. ಮಾತ್ರ ನೆನೆದು, ಅದರ ಬಹುಪಾಲು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಅದೇ ಮಳೆ ಗುಡ್ಡದ ಕಲ್ಲುಮಿಶ್ರಿತ ಉಸುಕಿನಲ್ಲಿ 15 ಸೆಂ.ಮೀ.ವರೆಗೆ ಇಳಿದು ಬೇರನ್ನು ಮುಟ್ಟುತ್ತದೆ. ಮೇಲ್ಪದರ ಬೇಗನೆ ಒಣಗಿ, ಕೆಳಗಿನ ತೇವ ಮೇಲೇರದಂತೆ ತಡೆಯುತ್ತದೆ. ಇಸ್ರೇಲಿನ ಪರಿಸರ ವಿಜ್ಞಾನಿ ಇಮಾನುಯೆಲ್ ನೋಯ್-ಮೇಯರ್ ಮರುಭೂಮಿಗಳ ಕುರಿತು 1973ರಲ್ಲಿ ಬರೆದ ಲೇಖನದಲ್ಲಿ ಇದನ್ನೇ ವಿವರಿಸಿದ್ದಾರೆ: ಮಳೆ ಕಡಿಮೆಯಿರುವ ಕಡೆ ಒರಟು ಮಣ್ಣು ಗಿಡಗಳಿಗೆ ಹೆಚ್ಚು ಅನುಕೂಲ, ಮಳೆ ಹೆಚ್ಚಿದಂತೆ ಜೇಡಿಯ ಕೈ ಮೇಲಾಗುತ್ತದೆ. ಅವರು ಹೇಳುವ ಗಡಿ ವರ್ಷಕ್ಕೆ 300ರಿಂದ 500 ಮಿ.ಮೀ. ನಮ್ಮಲ್ಲಿ ಬೀಳುವ ಮಳೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಇರುವುದರಿಂದ ವರ್ಷದ ಒಟ್ಟು ಲೆಕ್ಕದಲ್ಲಿ ಎರೆಯೇ ಗೆಲ್ಲುತ್ತದೆ. ಆದರೆ ಮುಂಗಾರಿಗೆ ಮುಂಚಿನ ಅಡ್ಡಮಳೆಯಿಂದ ರೋಹಿಣಿ, ಮೃಗಶಿರಾದವರೆಗಿನ ಬಿಟ್ಟುಬಿಟ್ಟು ಬರುವ ತುಂತುರುಗಳ ಕಾಲದಲ್ಲಿ, ಜೋಳದ ಕಣಕಿಯ ಬಣವೆ ಕರಗಿ ದನಕ್ಕೆ ಮೇವಿಲ್ಲದ ಹೊತ್ತಿನಲ್ಲಿ, ಗುಡ್ಡವೇ ಮುಂದೆ. ಕುರಿ ಸಾಕುವವನಿಗೆ ಒಟ್ಟು ಇಳುವರಿಗಿಂತ ಈ ಮೂರು ನಾಲ್ಕು ವಾರಗಳ ಹಸಿರು ದೊಡ್ಡದು.

ಮೇಲೆ ಹರಡಿರುವ ಕಲ್ಲುಗಳನ್ನು ದೋಷವೆಂದು ಎಣಿಸುವುದೂ ಸರಿಯಲ್ಲ. ಮಳೆಹನಿಯ ಹೊಡೆತ ಮೊದಲು ಕಲ್ಲಿಗೆ ತಾಗುತ್ತದೆ. ಇಳಿಜಾರಿನಲ್ಲಿ ಓಡುವ ನೀರು ಕಲ್ಲಿಗೆ ಎಡವಿ ನಿಧಾನವಾಗುತ್ತದೆ. ಕಲ್ಲಿನಡಿಯ ಮಣ್ಣು ತಡವಾಗಿ ಒಣಗುತ್ತದೆ. ಬರಿಯ ಹಾಸುಬಂಡೆಯ ಮೇಲೆ ಬಿದ್ದ ಮಳೆಯೆಲ್ಲ ಪಕ್ಕದ ತಗ್ಗಿಗೆ ಇಳಿಯುವುದರಿಂದ ಅಂಥ ತಗ್ಗುಗಳಿಗೆ ತಮ್ಮ ಪಾಲಿಗಿಂತ ಹೆಚ್ಚು ನೀರು ಸಿಗುತ್ತದೆ. ಕವಳಿ, ಕಾರಿ ಕಂಟಿಗಳು ಹೆಚ್ಚಾಗಿ ಬಂಡೆಯ ಬುಡದಲ್ಲೇ ಬೇರೂರಿರುವುದಕ್ಕೆ ಇದೂ ಒಂದು ಕಾರಣ.

ಪೋಷಕಾಂಶಗಳ ವಿಷಯದಲ್ಲಿ ಮಾತ್ರ ಈ ಮಣ್ಣು ನಿಜಕ್ಕೂ ಬಡವ. ಬಿಳಿಗಲ್ಲಿನ ಕಾಳಿನಿಂದ ಸುಣ್ಣವಾಗಲಿ, ಪೊಟ್ಯಾಷಿಯಂ ಆಗಲಿ, ರಂಜಕವಾಗಲಿ ಹುಟ್ಟುವುದಿಲ್ಲ. ಇರುವ ಅಲ್ಪವನ್ನು ಹಿಡಿದಿಡಲು ಜೇಡಿಯೂ ಇಲ್ಲ. ಎರೆ ಮಣ್ಣಿನ ಮೇಲೆ ಹುಳಿ ಹನಿಸಿದರೆ ಒಳಗಿನ ಸುಣ್ಣ ನೊರೆಯೇಳುತ್ತದೆ; ಇಲ್ಲಿ ಏನೂ ಆಗುವುದಿಲ್ಲ. ಇರುವ ಫಲವತ್ತತೆಯೆಲ್ಲ ಮೇಲಿನ ನಾಲ್ಕು ಬೆರಳಿನಲ್ಲಿ, ಸತ್ತ ಬೇರು ಮತ್ತು ಹಿಕ್ಕೆಯ ರೂಪದಲ್ಲಿದೆ. ನಮ್ಮ ಸೀಮೆಯ ರೂಢಿಯಂತೆ ಕುರಿಗಳು ಹಗಲೆಲ್ಲ ಗುಡ್ಡದಲ್ಲಿ ಮೇದು ರಾತ್ರಿ ಕೆಳಗಿನ ಹೊಲಗಳಲ್ಲಿ ತರುಬಿಕೊಳ್ಳುತ್ತವೆ. ರೈತ ಆ ಗೊಬ್ಬರಕ್ಕೆ ಕುರಿಯವನಿಗೆ ಹಣವನ್ನೋ ಕಾಳನ್ನೋ ಕೊಡುತ್ತಾನೆ. ಹುಲ್ಲು ಕೊಟ್ಟ ಗುಡ್ಡಕ್ಕೆ ಮಾತ್ರ ಏನೂ ಮರಳುವುದಿಲ್ಲ. ತಲೆಮಾರುಗಳಿಂದ ನಡೆದಿರುವ ಈ ಸಾಗಾಟದ ಬಗ್ಗೆ ನಾವು ಯೋಚಿಸಿದ್ದು ಬಹಳ ಕಡಿಮೆ ಎಂದು ನನಗನಿಸುತ್ತದೆ.

ಅಮೆರಿಕದ ರಾಕಿ ಪರ್ವತಗಳ ಸೀಮೆಯಲ್ಲೂ, ಕೊಲೊರಾಡೊ, ವಯೋಮಿಂಗ್, ಯೂಟಾ ರಾಜ್ಯಗಳಲ್ಲಿ, ಮರಳುಗಲ್ಲಿನಿಂದಾದ ಇಂಥ ಕಲ್ಲುಮಣ್ಣಿನ ಮೇಯುವ ನೆಲಗಳು ವಿಸ್ತಾರವಾಗಿವೆ. ಅಲ್ಲಿನ ಮಣ್ಣು ಸಮೀಕ್ಷೆ ಅಂಥ ಒಂದೊಂದು ಬಗೆಗೂ ಹೆಸರಿಟ್ಟು, ಬಂಡೆ ಎಷ್ಟು ಆಳಕ್ಕೆ ಸಿಗುತ್ತದೆ, ಕಲ್ಲು ಎಷ್ಟು ಪಾಲು, ಇಳಿಜಾರು ಎಷ್ಟು, ಯಾವ ಹುಲ್ಲು ಬರುತ್ತದೆ ಎಂಬುದನ್ನು ದಾಖಲಿಸಿದೆ. ಬಂಡೆ 50 ಸೆಂ.ಮೀ. ಒಳಗೆ ಸಿಕ್ಕರೆ ಅಥವಾ ಕಲ್ಲು 35% ದಾಟಿದರೆ ಮಣ್ಣಿನ ವರ್ಗವೇ ಬದಲಾಗುತ್ತದೆ. ಅಲ್ಲಿಯ ಹವಾಮಾನ ಬೇರೆ: ಚಳಿಗಾಲದ ಹಿಮ ವಸಂತದಲ್ಲಿ ನಿಧಾನವಾಗಿ ಕರಗಿ ಮಣ್ಣಿಗಿಳಿಯುತ್ತದೆ, ಎತ್ತರದ ತಂಪಿನಲ್ಲಿ ಬೇರುಗಳು ಬೇಗ ಕೊಳೆಯದೆ ಮೇಲ್ಮಣ್ಣು ಕಪ್ಪಾಗುತ್ತದೆ. ನಮ್ಮ ಬಿಸಿಲಿಗೆ ಆ ಕಪ್ಪು ನಿಲ್ಲುವುದಿಲ್ಲ. ಆದರೆ ಆಳ, ಕಲ್ಲು, ಉಸುಕು ಎಂಬ ಮೂರರ ಲೆಕ್ಕ ಎರಡೂ ಕಡೆ ಒಂದೇ, ಮತ್ತು ಅವರು ಅದನ್ನು ಬರೆದಿಟ್ಟಿರುವ ರೀತಿ ನಮಗೂ ಬೇಕಾದದ್ದು.

ಬೇಕಾಗಿರುವುದು ಏಕೆಂದರೆ ಇಲ್ಲಿ ಹೋದ ಮಣ್ಣು ಮರಳಿ ಬರುವುದಿಲ್ಲ. ಒಂದು ಹೆಕ್ಟೇರಿನಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಅದರ ತೂಕ ಸುಮಾರು 15 ಟನ್. ಕಣ್ಣಿಗೆ ಅದು ಕಾಣುವುದೂ ಇಲ್ಲ. ಎರೆ ಹೊಲದಲ್ಲಿ ಅಷ್ಟು ಹೋದರೂ ಕೆಳಗೆ ಇನ್ನೊಂದು ಮೀಟರ್ ಇರುತ್ತದೆ, ಇಲ್ಲಿ ಇರುವುದೇ ಒಂದು ಗೇಣು. ಮಳೆಗಾಲದ ಮೊದಲ ಚಿಗುರನ್ನು ಬುಡಸಮೇತ ಮೇಯಿಸಿದರೆ ಬಹುವಾರ್ಷಿಕ ಕರಡ ಹುಲ್ಲು ಸೋತು, ಬರಿಯ ಒಂದು ಮಳೆಗಾಲದ ಹುಲ್ಲುಗಳು, ಆಮೇಲೆ ದನ ಮುಟ್ಟದ ಬಂದರಿಕೆ, ತಂಗಡಿ ಕಂಟಿಗಳು ಆವರಿಸಿಕೊಳ್ಳುತ್ತವೆ. ಗುಡ್ಡವನ್ನು ಪಾಲು ಮಾಡಿ ಒಂದೊಂದು ಪಾಲಿಗೂ ಬೀಜ ಉದುರುವ ತನಕ ವಿಶ್ರಾಂತಿ ಕೊಡುವುದು ಬಿಟ್ಟರೆ ಇದಕ್ಕೆ ಬೇರೆ ಮದ್ದು ನನಗೆ ತೋರುವುದಿಲ್ಲ.

ಇನ್ನು ಗುಡ್ಡದ ಅಭಿವೃದ್ಧಿ ಎಂದರೆ ಅಡ್ಡಗಾಲುವೆ ತೋಡಿ ಸಸಿ ನೆಡುವುದು ಎಂಬ ಸಿದ್ಧ ಕ್ರಮದ ಬಗ್ಗೆ. ಆಳವಾದ ಮಣ್ಣಿಗೆ ಅದು ಒಳ್ಳೆಯದೇ. ಗೇಣುದ್ದದ ಮಣ್ಣಿನಲ್ಲಿ ಎರಡಡಿ ಕಾಲುವೆ ತೋಡಿದರೆ ಬೇರಿನ ಪದರ ಕೆಳಗೆ ಹೂತುಹೋಗಿ, ಒಡೆದ ಕಲ್ಲಿನ ಪುಡಿ ಮೇಲೆ ಬಂದು ಕೂರುತ್ತದೆ. ಸಸಿಯೂ ಬಂಡೆಯ ತಟ್ಟೆಯ ಮೇಲೆ ಕುಳಿತು ಎರಡನೆಯ ಬೇಸಿಗೆ ಕಾಣುವುದಿಲ್ಲ. ಗುಂಡಿಯ ಜಾಗ ಗುರುತಿಸುವ ಮೊದಲು ಹಾರೆಯೊಂದನ್ನು ಹಿಡಿದು ಅಲ್ಲಲ್ಲಿ ಕುಕ್ಕಿ ನೋಡುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಅದು ಮೊಳದಷ್ಟು ಇಳಿದ ಕಡೆ, ಅಂದರೆ ಬಿರುಕಿನ ಮೇಲೆ ಅಥವಾ ಬಂಡೆಯ ಬುಡದ ತಗ್ಗಿನಲ್ಲಿ, ಗಿಡ ನೆಡಬಹುದು. ಗೇಣಿಗೇ ಠಣ್ಣೆಂದ ಕಡೆ ಹುಲ್ಲನ್ನು ಹಾಗೆಯೇ ಬಿಡುವುದು ಲೇಸು.