ಗ್ರಂಥಿ ಮೆತ್ತಗಿತ್ತು

"ಮೇದೋಜೀರಕ ಗ್ರಂಥಿ ಆರೋಗ್ಯವಾಗೇ ಇದೆ ಅಂದ್ರಲ್ಲ ಡಾಕ್ಟ್ರೇ, ಒಳ್ಳೇದೇ ಅಲ್ವಾ?" ಆಪರೇಷನ್ ಮುಗಿಸಿ ಹೊರಗೆ ಬಂದಾಗ ರೋಗಿಯ ಹೆಂಡತಿ ಕೇಳಿದರು. ಹೂಂ ಅನ್ನಲೂ ಆಗದೆ, ಊಹೂಂ ಅನ್ನಲೂ ಆಗದೆ ಕೊರಳಲ್ಲಿ ನೇತಾಡುತ್ತಿದ್ದ ಮಾಸ್ಕ್ ಬಿಚ್ಚುತ್ತ ನಿಂತೆ.

ಅವರ ಯಜಮಾನರಿಗೆ ಪಿತ್ತನಾಳದ ಕೆಳತುದಿಯಲ್ಲಿ ಗಡ್ಡೆ. ವಿಪಲ್ ಆಪರೇಷನ್ ಮಾಡಿ, ಗ್ರಂಥಿಯ ತಲೆಭಾಗವನ್ನು ತೆಗೆದು, ಉಳಿದದ್ದನ್ನು ಸಣ್ಣ ಕರುಳಿಗೆ ಹೊಲಿದಿದ್ದೆ. ಪಿತ್ತನಾಳವನ್ನೂ ಜಠರವನ್ನೂ ಜೋಡಿಸಿದ ಹೊಲಿಗೆಗಳು ನನ್ನನ್ನು ಅಷ್ಟು ಕಾಡುವುದಿಲ್ಲ. ನಿದ್ದೆ ಕೆಡಿಸುವುದು ಗ್ರಂಥಿಯ ಈ ಹೊಲಿಗೆಯೊಂದೇ.

ವಿಚಿತ್ರ ನೋಡಿ, ಮೇದೋಜೀರಕದ್ದೇ ಕ್ಯಾನ್ಸರ್ ಆದವರಲ್ಲಿ, ವರ್ಷಗಟ್ಟಲೆ ಪ್ಯಾಂಕ್ರಿಯಾಟೈಟಿಸ್ (ಗ್ರಂಥಿಯ ಉರಿಯೂತ) ಅನುಭವಿಸಿದವರಲ್ಲಿ ಈ ಜಾಗ ಸೋರುವುದು ಕಡಿಮೆ. ಅವರ ಗ್ರಂಥಿ ನಾರುಗಟ್ಟಿ ಗಡುಸಾಗಿರುತ್ತದೆ, ಒಳಗಿನ ನಾಳ ಹಿಗ್ಗಿರುತ್ತದೆ. ದಾರ ಹಿಡಿದು ನಿಲ್ಲುತ್ತದೆ, ಗ್ರಂಥಿಯ ಜೀರ್ಣರಸವೂ ಕಮ್ಮಿ. ಆರೋಗ್ಯವಾದ ಗ್ರಂಥಿಯೋ ನೆನೆದ ಕಾಗದ. ಗಂಟು ಬಿಗಿದರೆ ದಾರವೇ ಕೊಯ್ಯುತ್ತದೆ, ಸಡಿಲ ಬಿಟ್ಟರೆ ಸಂದು ಉಳಿಯುತ್ತದೆ. ರಸ ಮಾತ್ರ ಧಾರಾಳ. ದಪ್ಪ ಮೈಯವರಲ್ಲಿ, ಗ್ರಂಥಿಯಲ್ಲೇ ಕೊಬ್ಬು ತುಂಬಿದವರಲ್ಲಿ ಇನ್ನೂ ಕಷ್ಟ.

ಈ ಹೊಲಿಗೆ ಸೋರುವ ಅಪಾಯ ಎಷ್ಟು ಅಂತ ಅಳೆಯಲು 2013ರಲ್ಲಿ ಪ್ರಕಟವಾದ, ಹತ್ತು ಅಂಕಗಳ ಒಂದು ಲೆಕ್ಕ ಇದೆ. ಅವತ್ತು ರಾತ್ರಿ ಹಾಕಿ ನೋಡಿದೆ. ಗ್ರಂಥಿ ಮೆತ್ತಗಿದ್ದದ್ದಕ್ಕೆ 2. ಗಡ್ಡೆ ಪಿತ್ತನಾಳದ್ದಾದ್ದಕ್ಕೆ 1. ಗ್ರಂಥಿಯೊಳಗಿನ ನಾಳ ಬರೀ 2 ಮಿಲಿಮೀಟರ್ ಇದ್ದದ್ದಕ್ಕೆ 3. ರಕ್ತ 500 ಮಿಲಿಲೀಟರ್ ಹೋದದ್ದಕ್ಕೆ 1. ಒಟ್ಟು 7; ಹೆಚ್ಚು ಅಪಾಯದ ಗುಂಪು ಶುರುವಾಗುವುದೇ ಅಲ್ಲಿಂದ. ಈ ನಾಲ್ಕರಲ್ಲಿ ನನ್ನ ಕೈಯಲ್ಲಿದ್ದದ್ದು ರಕ್ತ ಒಂದೇ, ಅದೂ ಪೂರ್ತಿ ಅಲ್ಲ. (ಹೊಲಿಗೆ ಹೇಗೆ ಹಾಕಬೇಕು ಅಂತ ನಾವು ಸರ್ಜನ್‌ಗಳು ಗಂಟೆಗಟ್ಟಲೆ ಜಗಳವಾಡುತ್ತೇವೆ. ಆ ಲೆಕ್ಕದಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ.)

ಮೂರನೆಯ ದಿನ ಡ್ರೇನ್‌ನ (ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಕೊಳವೆಯ) ನೀರಿನಲ್ಲಿ ಅಮೈಲೇಸ್ ಎಂಬ, ಗ್ರಂಥಿಯ ರಸದಲ್ಲಿರುವ ಕಿಣ್ವ ಸಾವಿರಗಳಲ್ಲಿತ್ತು. ರಕ್ತದ ಗರಿಷ್ಠ ಸಹಜ ಮಟ್ಟದ ಮೂರು ಪಟ್ಟು ದಾಟಿದರೆ ಸಾಕು, ಸೋರಿದೆ ಅಂತಲೇ ಅರ್ಥ. ಆದರೆ 2016ರ ವ್ಯಾಖ್ಯೆಯಂತೆ ಬರೀ ಸಂಖ್ಯೆ ಏರಿದರೆ ಫಿಸ್ಟುಲಾ, ಅಂದರೆ ಕಾಯಿಲೆಯೆನಿಸುವ ಸೋರಿಕೆ, ಅನ್ನುವುದಿಲ್ಲ. ರೋಗಿಗೆ ಅದರಿಂದ ತೊಂದರೆ ಆಗಬೇಕು. ಅವರು ಆರಾಮಾಗಿ ಕೂತು ಪೇಪರ್ ಓದುತ್ತಿದ್ದರು. ನಾನು ಮಾತ್ರ ಹೋದಾಗಲೆಲ್ಲ ಮೊದಲು ಬ್ಯಾಗ್ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದೆ.

ಆರನೆಯ ದಿನ ಜ್ವರ. ಡ್ರೇನ್ ಕಂದುಬಣ್ಣಕ್ಕೆ ತಿರುಗಿ ಕದಡಿತ್ತು. ಸಿಟಿ ಸ್ಕ್ಯಾನ್ ಮಾಡಿಸಿದೆವು, ಆಂಟಿಬಯೋಟಿಕ್ ಶುರುಮಾಡಿದೆವು, ಡ್ರೇನ್ ಅಲ್ಲೇ ಬಿಟ್ಟೆವು. ನಾನು ಹೆದರಿದ್ದು ಜ್ವರಕ್ಕಲ್ಲ. ಸೋರಿದ ರಸ ಪಕ್ಕದಲ್ಲೇ ಇರುವ, ನಾವು ಕಟ್ಟಿ ಬಿಟ್ಟ ರಕ್ತನಾಳದ ಮೋಟನ್ನು ಕೊರೆದುಬಿಟ್ಟರೆ ಮೊದಲು ಡ್ರೇನ್‌ನಲ್ಲಿ ಒಂದಿಷ್ಟು ಕೆಂಪು ಕಾಣಿಸಿಕೊಳ್ಳುತ್ತದೆ, ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಧಾರೆ. "ಸ್ವಲ್ಪ ಕೆಂಪು ಕಂಡರೂ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ" ಅಂತ ಸಿಸ್ಟರ್‌ಗೆ ದಿನಾ ಹೇಳುತ್ತಿದ್ದೆ. ಕೊನೆಕೊನೆಗೆ ಅವರೇ ನಗುತ್ತಿದ್ದರು.

ಕೆಂಪು ಬರಲಿಲ್ಲ. ಡ್ರೇನ್ ಸಮೇತ ಮನೆಗೆ ಹೋದರು. ಐದನೆಯ ವಾರ ಅದನ್ನು ಎಳೆದು ತೆಗೆದು ಡ್ರೆಸ್ಸಿಂಗ್ ಮಾಡುತ್ತಿದ್ದಾಗ ಹೆಂಡತಿ ಪಕ್ಕದಲ್ಲೇ ನಿಂತಿದ್ದರು.

"ಈಗ ಹೇಳಿ ಡಾಕ್ಟ್ರೇ, ಅವತ್ತು ಯಾಕೆ ಸುಮ್ಮನಾದ್ರಿ?"

ಕುರ್ಚಿ ಎಳೆದುಕೊಂಡು ಕೂತು, ನೆನೆದ ಕಾಗದದಿಂದ ಶುರುಮಾಡಿದೆ.